ನಮ್ಕಡೆ ಅಂಕಲ್

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ಲಿಫ್ಟ್ ಮೆಕ್ಯಾನಿಕ್‌ನಂಥ ಕೃತಘ್ನನನ್ನು ನಾನು ಬೇರೆ ಕಂಡಿಲ್ಲ. ಈ ದೇಶಕ್ಕೆ ಬಂದು ಇಪ್ಪತ್ತು ವರ್ಷ ಇಲ್ಲಿನ ಅನ್ನ ಉಂಡರೂ ಬಾಯಿ ತೆರೆದರೆ “ನಮ್ ಕಡೆ ಹಿಂಗಲ್ಲ” ಎನ್ನುತ್ತಾನೆ. ಮಕ್ಕಳು ಅವನಿಗೆ ‘ನಮ್ಕಡೆ ಅಂಕಲ್’ ಎಂದೇ ಹೆಸರಿಟ್ಟಿದ್ದಾರೆ. ಹಿಮ ಬಿದ್ದರೆ, “ನಮ್ ಕಡೆ ಚಳಿಗೂ ಒಂದು ಮಾನ ಮರ್ಯಾದೆ ಇತ್ತು” ಎಂದು ಗೊಣಗುತ್ತಾನೆ. ಇಲ್ಲಿನವರು ತಮ್ಮ ಹಬ್ಬಕ್ಕೆ ಬೀದಿಗೆಲ್ಲ ದೀಪ ಹಾಕಿದರೆ ಇವನಿಗೆ ಕಣ್ಣು ಚುಚ್ಚುತ್ತದಂತೆ. ನಮ್ಮ ಹಬ್ಬಗಳನ್ನು ನಾವು ಎಲ್ಲರಿಗೂ ರಜೆಯಿರುವ ಭಾನುವಾರಕ್ಕೆ ತಳ್ಳಿ, ಕಟ್ಟಡದ ನೆಲಮಾಳಿಗೆಯಲ್ಲಿ ಮಾಡುತ್ತೇವೆ. ಉಣ್ಣೆಯ ಕಾಲುಚೀಲದ ಮೇಲೆ ಪಂಚೆ ಉಟ್ಟು ಎಲ್ಲರಿಗಿಂತ ಮೊದಲು ಬರುವ ಇವನು, ಅಲಂಕಾರದ ಕಾಗದದ ಹೂವನ್ನು ಮೂಸಿ ನೋಡಿ, ವಾಸನೆಯೇ ಇಲ್ಲವೆಂದು ತಕರಾರು ತೆಗೆಯುತ್ತಾನೆ. ಇವನಿಗೆ ಬಡಿಸುವ ಸರದಿ ಬಂದರೆ ಎಂಥ ಗಟ್ಟಿಗಿತ್ತಿಯೂ ಸೌಟನ್ನು ಪಕ್ಕದವಳ ಕೈಗೆ ದಾಟಿಸುತ್ತಾಳೆ. ಈ ಸಲ ಸಿಹಿ ಮಾಡಿದವಳು ಹೊಸದಾಗಿ ಬಂದ ನರ್ಸ್ ಹುಡುಗಿ. ಮನೆ ಬಿಟ್ಟ ಮೇಲೆ ಅವಳಿಗಿದು ಮೊದಲ ಹಬ್ಬ. ಸಿಹಿ ಚೆನ್ನಾಗಿ ಅಡಿ ಹಿಡಿದಿತ್ತು. ನಾನು ಒಂದೇ ಚಮಚಕ್ಕೆ ಬಟ್ಟಲು ಕೆಳಗಿಟ್ಟೆ. ಹುಡುಗಿಯ ಕಣ್ಣು ಆಗಲೇ ತುಂಬಿತ್ತು. ಎಲ್ಲರೂ ಇವನ ಬಾಯಿಯನ್ನೇ ನೋಡಿದರು. ಇವನು ನಿಧಾನವಾಗಿ ಚಪ್ಪರಿಸಿ, “ನಮ್ ಕಡೆ ಹಿಂಗೇ ಕಣಮ್ಮ. ನಮ್ಮಮ್ಮ ಮಾಡಿದ ಹಾಗೇ ಇದೆ,” ಎಂದ. “ನಿಮ್ಮಮ್ಮ ಯಾವತ್ ರೀ ಅಡಿ ಹಿಡಿಸಿದ್ರು?” ಎಂದು ಪಕ್ಕದಲ್ಲಿದ್ದ ಹೆಂಡತಿ ಪಿಸುಗುಟ್ಟಿದಳು. “ನೀನ್ ಸುಮ್ನಿರೇ,” ಎಂದು ಗದರಿದವನೇ ಬಟ್ಟಲನ್ನು ಬಳಿದು ಖಾಲಿ ಮಾಡಿ, ಹುಡುಗಿಯ ಮುಂದೆ ಮತ್ತೆ ಚಾಚಿದ.