ಉಕ್ಕದೇ ಹೋದ ಹಾಲು

ಇವತ್ತು ಬೆಳಿಗ್ಗೆ ಶ್ರೀರಾಂಪುರದಲ್ಲಿ ಒಂದು ಬಾಡಿಗೆ ಮನೆಯ ಇನ್ನೊಂದು ಬೀಗದ ಕೈ ಕೊಡಲು ಹೋಗಿದ್ದೆ. ಒಳಗೆ ಹಾಲು ಉಕ್ಕಿಸುತ್ತಿದ್ದರು. ಒಲೆಯ ಮೇಲೆ ಚೆಲ್ಲಿ ಸೀದ ಹಾಲಿನ ವಾಸನೆ ಬಂತು ನೋಡಿ, ನನಗೆ ಅಲ್ಲಿ ನಿಲ್ಲೋಕೇ ಆಗಲಿಲ್ಲ. ಕಾಫಿ ಕುಡಿದು ಹೋಗಿ ಅಂದರೂ ಕೇಳದೆ ಸ್ಕೂಟರ್ ಹತ್ತಿಬಿಟ್ಟೆ.

ನಾನು ಮನೆ ಬ್ರೋಕರ್. ಕೆಲವು ವರ್ಷಗಳ ಹಿಂದೆ, ಇಥಿಯೋಪಿಯಾದಿಂದ ಓದಲು ಬಂದಿದ್ದ ಮೇಡಂ ಒಬ್ಬರಿಗೆ ಮನೆ ಹುಡುಕುತ್ತಿದ್ದೆ. ಗಂಡ, ಪುಟ್ಟ ಮಗಳು ಬರುವವರಿದ್ದರು. ಹಾಸ್ಟೆಲಿನಲ್ಲಿ ಸಂಸಾರಕ್ಕೆ ಜಾಗ ಎಲ್ಲಿ? ಜಯಲಕ್ಷ್ಮಿಪುರಂ ಪೂರ್ತಿ ಸುತ್ತಿದೆವು, ಇಲವಾಲದವರೆಗೂ ಹೋದೆವು. ಫೋನಿನಲ್ಲಿ "ಖಾಲಿ ಇದೆ, ಬನ್ನಿ" ಅಂದವರೇ ಇವರ ಮುಖ ನೋಡಿದ ಕೂಡಲೇ "ಅಯ್ಯೋ, ನಮ್ಮ ತಮ್ಮನೇ ಬರ್ತಾನಂತೆ ಕಣ್ರೀ" ಅನ್ನೋರು. ಎಷ್ಟು ಜನ ತಮ್ಮಂದಿರಪ್ಪಾ ಈ ಊರಲ್ಲಿ! ನನಗೆ ಮೈಯೆಲ್ಲ ಉರಿಯೋದು. ಮೇಡಂ ಮಾತ್ರ ಇಲ್ಲೇ ಕಲಿತ ಅರೆಬರೆ ಕನ್ನಡದಲ್ಲಿ "ಬೇರೆ ನೋಡೋಣ, ಅಣ್ಣ" ಅನ್ನೋರು...

ಕೊನೆಗೆ ಒಬ್ಬ ಓನರ್ ಅಮ್ಮ ಒಪ್ಪಿದರು, ಅರೆಮನಸ್ಸಿನಿಂದಲೇ. ಒಳ್ಳೆ ದಿನ ನೋಡಿ ಮೊದಲು ಹಾಲು ಉಕ್ಕಿಸಿ, ಆಮೇಲೆ ಸಾಮಾನು ತನ್ನಿ ಅಂದರು. ಉಕ್ಕಿ ಚೆಲ್ಲಬೇಕು, ಆಗಲೇ ಮನೆಗೆ ಒಳ್ಳೆಯದು ಅಂತ ಮೇಡಂಗೆ ಬಿಡಿಸಿ ಹೇಳಿದ್ದೆ. ಪಾಪ, ಹೊಸ ಪಾತ್ರೆ ತಂದು ಕುಂಕುಮ ಬೇರೆ ಇಟ್ಟಿದ್ದರು.

ಹಾಲು ಮೇಲೆ ಬಂತು. ಅಷ್ಟೇ, ಮೇಡಂ ಕೈ ತಾನಾಗೇ ಹೋಗಿ ಗ್ಯಾಸ್ ಆರಿಸಿಬಿಡ್ತು! ದಿನಾ ಒಲೆ ಮುಂದೆ ನಿಲ್ಲೋ ಯಾರ ಕೈಯಾದರೂ ಮಾಡೋದು ಅದನ್ನೇ. ನೊರೆ ಅಂಚಿನವರೆಗೆ ಬಂದು ಇಳಿದುಹೋಯಿತು.

"ಅಪಶಕುನ ಕಣಪ್ಪ. ಈ ಮನೆ ಬೇಡ, ಬೇರೆ ನೋಡ್ಕೊಳ್ಳಿ" ಅಂದರು ಓನರ್ ಅಮ್ಮ.

"ಅಮ್ಮಾ, ಹಾಲೂ ಇದೆ, ಒಲೆಯೂ ಇದೆ. ಇನ್ನೊಂದ್ಸಲ ಹಚ್ಚಿದ್ರಾಯ್ತು, ಬುಡಿ!" ಅಂತ ಕೂಗಾಡಿದೆ. ಆಮೇಲೆ ಕೈಯೂ ಮುಗಿದೆ. ಊಹೂಂ. ಅವರಿಗೊಂದು ನೆಪ ಬೇಕಿತ್ತು, ಸಿಕ್ಕಿತು.

ಗೇಟಿನ ಹತ್ತಿರ ಮೇಡಂ ನನ್ನನ್ನೇ ಸಮಾಧಾನ ಮಾಡಿದರು. "ಮುಂದಿನ ಮನೇಲಿ ಚೆಲ್ತೀನಿ, ಅಣ್ಣ" ಅಂತ ನಕ್ಕರು. ನನಗೆ ಅಳು ಬಂದುಬಿಟ್ಟಿತು.

ಮುಂದಿನ ಮನೆ ಸಿಗಲೇ ಇಲ್ಲ. ಮಗಳನ್ನು ಬಿಟ್ಟಿರೋಕೆ ಆಗದೆ, ಓದು ಅರ್ಧಕ್ಕೇ ಬಿಟ್ಟು ಅವರು ಊರಿಗೆ ಹೊರಟುಹೋದರು.

ಈಗಲೂ ಗಾಳಿ ಬೆಳಕು ಇರೋ ಮನೆಯೊಂದು ಖಾಲಿಯಾಗಿ, ಓನರೂ ಮನುಷ್ಯರ ಥರ ಮಾತಾಡಿದರೆ, ಮೊದಲು ಮೇಡಂ ನಂಬರನ್ನೇ ಒತ್ತುತ್ತೀನಿ. ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಅನ್ನುತ್ತೆ. ಗೊತ್ತಿರೋದೇ... ಆದರೂ ಒತ್ತುತ್ತೀನಿ.