ಬೀಗದ ಮಾಮ ಇಟ್ಟುಕೊಂಡ ಮೂರನೇ ಕೀ

ಅಪ್ಪ ತೀರಿಕೊಂಡ ಮರುವಾರ ಅಂಗಡಿಯ ಒಳಕೋಣೆ ಗುಡಿಸುತ್ತಿದ್ದೆ. ಕೀ ಕೊರೆಯುವ ಮಷಿನ್ನಿನ ಹಿಂದೆ ಒಂದು ಕೊಳಕು ಪರದೆ. ಒಗೆಯೋಣವೆಂದು ಎಳೆದರೆ ಅದರ ಹಿಂದೆ ಗೋಡೆಯಗಲದ ಹಲಗೆ, ಹಲಗೆಯ ತುಂಬ ಮೊಳೆ, ಮೊಳೆಗೊಂದು ಕೀ. ಮೊದಲನೆಯದು ನಮ್ಮ ಮನೆಯದೆಂದು ನೋಡಿದ ಕೂಡಲೇ ಗೊತ್ತಾಯಿತು. ಎರಡನೆಯದು ಪಕ್ಕದ ಮನೆಯದು. ಬೀದಿಯಲ್ಲಿ ಮನೆಗಳು ಹೇಗೆ ಸಾಲಾಗಿವೆಯೋ ಹಾಗೆಯೇ ಊರಿನ ಕೀಗಳೆಲ್ಲ ಅಲ್ಲಿ ತೂಗುತ್ತಿದ್ದವು.

ಊರಿಗೆಲ್ಲ ಅಪ್ಪ ಬೀಗದ ಮಾಮ. ಕೀ ಕಳೆದುಕೊಂಡು ಪೆಚ್ಚುಮೋರೆ ಹಾಕಿಕೊಂಡು ಬಂದವರನ್ನು, "ನೀವೇ ಕಳ್ಕೊಂಡ್ರಾ, ಇಲ್ಲ ಮನೆಯವರೇ ಹೊರಗೆ ಹಾಕಿದ್ರಾ?" ಎಂದು ಕೇಳುತ್ತಿದ್ದರು. ಆಮೇಲೆ ಒಳಕೋಣೆಗೆ ಹೋಗುತ್ತಿದ್ದರು. ಮಷಿನ್ನು ಕಿರ್ರೆನ್ನುತ್ತಿತ್ತು. ಹೊರಬರುವಾಗ ಕೈಯಲ್ಲಿ ಕೀ. ಬೀಗ ನೋಡದೆಯೇ ಕೀ ಕೊರೆಯುವ ಮನುಷ್ಯ ಎಂದು ಜನ ಹೊಗಳಿದರೆ ಮೀಸೆಯಡಿ ನಗುತ್ತಿದ್ದರು. ನಾವೂ ನಂಬಿದ್ದೆವು. ಈಗ ಗೊತ್ತಾಯಿತು, ಬೀಗ ಮಾರುವಾಗ ಅದರ ಜೊತೆ ಎರಡು ಕೀ ಕೊಟ್ಟು, ಮೂರನೆಯದನ್ನು ಕೊರೆದು ತಾವೇ ಇಟ್ಟುಕೊಳ್ಳುತ್ತಿದ್ದರು. ಮಷಿನ್ನಿನ ಸದ್ದು ಬರೀ ನಾಟಕ.

ಮನೆಯಲ್ಲಿ ಅಮ್ಮನಿಗೆ ತಲೆನೋವೆಂದರೆ ತಾವೇ ಅಡುಗೆಮನೆ ಹೊಕ್ಕು, ಉಪ್ಪು ಮರೆತು, ಉಪ್ಪು ಬಿಪಿಗೆ ಒಳ್ಳೆಯದಲ್ಲ ಎಂದು ವಾದಿಸುತ್ತಿದ್ದರು. ನನ್ನ ಬಸ್ಸು ತಡವಾದರೆ ಅಂಗಡಿ ಬಾಗಿಲೆಳೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದು, ಸುಮ್ಮನೆ ಆ ಕಡೆ ಬಂದವರಂತೆ ನಿಲ್ಲುತ್ತಿದ್ದರು. ಅಂಥವರು ಊರಿಗೇ ಮೋಸ ಮಾಡಿದ್ದಾರೆ ಅಂದರೆ ಹೇಗೆ ಒಪ್ಪಲಿ? ದುಃಖಕ್ಕಿಂತ ಮೊದಲು ನನಗೆ ಸಿಟ್ಟು ಬಂತು.

ಅಮ್ಮನನ್ನೂ ತಮ್ಮನನ್ನೂ ಕರೆದು ತೋರಿಸಿದೆ. ತಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಹೋದ ತಿಂಗಳಷ್ಟೇ ಹಿಂದಿನ ಬೀದಿಯ ಗುಮಾಸ್ತರ ಮನೆಯಲ್ಲಿ ಬೀಗ ಮುರಿಯದೆ ಕಳ್ಳತನವಾಗಿತ್ತು. ಕಳ್ಳ ಸಿಕ್ಕಿರಲಿಲ್ಲ. ಅವರ ಮನೆಯ ಕೀಯೂ ಹಲಗೆಯ ಮೇಲಿತ್ತು, ಜೇಡರ ಬಲೆ ಕಟ್ಟಿಕೊಂಡು.

"ಅವರು ಯಾರ ಮನೇಲೂ ಒಂದು ಕಡ್ಡಿ ಮುಟ್ಟಿದವರಲ್ಲ," ಅಂದಳು ಅಮ್ಮ.

"ಅದು ನಿಂಗೊತ್ತು, ನಂಗೊತ್ತು," ಅಂದ ತಮ್ಮ. "ಊರವರಿಗೆ ಯಾರು ಹೇಳ್ತಾರೆ? ಹೋದ ಮೇಲೆ ಅಪ್ಪನ ಹೆಸರಿಗೆ ಮಸಿ ಬಳೀತಾರೆ, ಅಷ್ಟೆ."

ಹಾಳುಬಾವಿಗೆ ಹಾಕಿಬರುತ್ತೇನೆಂದು ಅವನು ಗೋಣಿಚೀಲ ತಂದ. ನಾನು ಬೇಡವೆನ್ನಲಿಲ್ಲ. ಕೀಗಳೆಲ್ಲ ಬಡಬಡನೆ ಚೀಲಕ್ಕೆ ಬಿದ್ದವು.

ಚೀಲದ ಬಾಯಿ ಕಟ್ಟುವಷ್ಟರಲ್ಲಿ ಬಟ್ಟೆ ಹೊಲಿಯುವ ಟೈಲರ್ ಅಕ್ಕ ಓಡಿಬಂದಳು. ಎದುರುಸಾಲಿನ ಮನೆಯವಳು. ಬಟ್ಟೆ ಒಣಗಿಸಲು ಹೊರಗೆ ಬಂದಿದ್ದಾಳೆ, ಗಾಳಿಗೆ ಬಾಗಿಲು ಬಡಿದುಕೊಂಡಿದೆ. ಅದು ತಾನೇ ಬೀಳುವ ಬೀಗ. ಒಂದು ಕೀ ಒಳಗೆ, ಇನ್ನೊಂದು ಪರವೂರಿಗೆ ಹೋದ ಗಂಡನ ಜೇಬಿನಲ್ಲಿ. ಒಳಗೆ ಎರಡು ವರ್ಷದ ಮಗು, ಒಲೆಯ ಮೇಲೆ ಎಣ್ಣೆ.

"ಮಾಮ ಇದ್ದಿದ್ರೆ ಅತ್ತೇ..." ಅಂದಳು.

ತಮ್ಮ ಚೀಲದ ಮುಂದೆ ಅಡ್ಡ ನಿಂತ. ಬೇಡ ಎಂದು ಕಣ್ಣಲ್ಲೇ ಅಮ್ಮನಿಗೆ ಹೇಳಿದ. ಬಾಗಿಲು ಒಡೆಸೋಣ, ಬಡಗಿಯನ್ನು ಕರೆಯೋಣ ಎಂದು ನಾನೇನೋ ತೊದಲಿದೆ. ಅಮ್ಮ ಅವನನ್ನು ಪಕ್ಕಕ್ಕೆ ತಳ್ಳಿ ಇಡೀ ಚೀಲವನ್ನು ನೆಲಕ್ಕೆ ಸುರಿದಳು.

ಹಲಗೆಯ ಮೇಲೆ ಇದ್ದಿದ್ದರೆ ಕಣ್ಣುಮುಚ್ಚಿ ತೆಗೆಯಬಹುದಿತ್ತು. ಈಗ ರಾಶಿ. ತಾನೇ ಬೀಳುವ ಬೀಗದ ಕೀಗೆ ತಲೆ ದಪ್ಪ. ದಪ್ಪತಲೆಯವನ್ನೆಲ್ಲ ಅಮ್ಮ ಸೆರಗಿಗೆ ಬಾಚಿಕೊಂಡು ಓಡಿದಳು. ಟೈಲರ್ ಅಕ್ಕನ ಮನೆಯ ಮುಂದೆ ಆಗಲೇ ಜನ. ಕಿಟಕಿಯ ಸರಳಿನೊಳಗಿಂದ ಹೊಗೆ. ಮಗು ಮೊದಲು ಅಳುತ್ತಿತ್ತು, ಆಮೇಲೆ ಅಳು ನಿಂತಿತು. ಅಮ್ಮ ಒಂದು ತೂರಿಸಿದಳು, ಆಗಲಿಲ್ಲ. ಇನ್ನೊಂದು, ಅದೂ ಆಗಲಿಲ್ಲ. ಕೀಗಳು ಮೆಟ್ಟಿಲ ಮೇಲೆ ಬೀಳುತ್ತಿದ್ದವು. ಒಬ್ಬಾತ ಬಗ್ಗಿ ಒಂದನ್ನೆತ್ತಿ, ತಿರುಗಿಸಿ ನೋಡಿ, ತನ್ನ ಸೊಂಟದ ಕೀಗೆ ಹೋಲಿಸಿದ. ಅವನೇ ಗುಮಾಸ್ತ.

ಕೊನೆಗೊಂದು ತಿರುಗಿತು. ಟೈಲರ್ ಅಕ್ಕ ಒಳಗೆ ನುಗ್ಗಿದಳು, ಹಿಂದೆ ತಮ್ಮ. ಮಗು ಮಂಚದ ಕೆಳಗೆ ಸೇರಿಕೊಂಡಿತ್ತು. ಕೆಮ್ಮಿತು, ಅತ್ತಿತು.

"ನಮ್ಮನೆ ಕೀ ನಿಮ್ಮ ಹತ್ರ ಹೇಗೆ ಬಂತು?" ಗುಮಾಸ್ತ ಮೆಲ್ಲಗೆ ಕೇಳಿದ.

"ನಮ್ಮೆಜಮಾನ್ರು ಎಲ್ಲರದೂ ಒಂದೊಂದು ಇಟ್ಕೊಂಡಿದ್ರು. ಯಾಕೆ ಅಂತ ಈಗ ನೋಡಿದ್ರಲ್ಲ," ಅಂದಳು ಅಮ್ಮ. "ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

ಆತ ಕೀಯನ್ನು ಜೇಬಿಗಿಳಿಸಿಕೊಂಡು ಹೋದ. ಅಂದು ಸಂಜೆಯೇ ಬೀದಿಯಲ್ಲಿ ಇಬ್ಬರು ಬೇರೆ ಅಂಗಡಿಯ ಬೀಗ ತಂದು ಹಾಕಿದರು. ಅಪ್ಪನ ಹೆಣದ ಮುಂದೆ ಬಿಕ್ಕಿಬಿಕ್ಕಿ ಅತ್ತವರೇ ಅವರು. ನನಗೆ ಮೈ ಉರಿದುಹೋಯಿತು. "ನಾನಾಗಿದ್ರೂ ಬದಲಾಯಿಸ್ತಿದ್ದೆ, ಸುಮ್ನಿರು," ಎಂದು ಅಮ್ಮ ನನ್ನ ಬಾಯಿ ಮುಚ್ಚಿಸಿದಳು.

ಮರುದಿನ ಟೈಲರ್ ಅಕ್ಕ ತನ್ನ ಬೀಗವನ್ನೇ ಬಿಚ್ಚಿಸಿಕೊಂಡು ಬಂದಳು. ನಮ್ಮಲ್ಲೇ ಹೊಸದು ಕೊಂಡಳು. ಇವಳೂ ಹೀಗಾ ಎಂದು ನಾನು ಹಲ್ಲು ಕಚ್ಚಿದೆ. ಆದರೆ ಅಮ್ಮ ಕೊಟ್ಟ ಎರಡು ಕೀಗಳಲ್ಲಿ ಒಂದನ್ನು ಅವಳು ಹಾಗೆಯೇ ಗಲ್ಲಾಪೆಟ್ಟಿಗೆಯ ಮೇಲೆ ಬಿಟ್ಟಳು.

"ಇದು ನಿಮ್ಮ ಹತ್ರ ಇರ್ಲಿ ಅತ್ತೆ. ಬೇಜಾರಿಲ್ಲ ಅಂತ ಸುಳ್ಳು ಹೇಳಲ್ಲ, ಬೇಜಾರಾಗಿದೆ. ಮಾಮ ಒಂದು ಮಾತು ಕೇಳಿದ್ರೆ ನಾನೇ ತಂದುಕೊಡ್ತಿದ್ದೆ."

ಅಮ್ಮ ಆ ಕೀಯನ್ನು ಎತ್ತಿಕೊಂಡಳು.

"ಅವರಿಗೆ ಕೇಳೋದು ಬರ್ತಿರ್ಲಿಲ್ಲ ಕಣಮ್ಮ," ಅಂದಳು. "ಆ ರಾತ್ರಿ ಎದೆ ಹಿಡ್ಕೊಂಡಾಗ್ಲೂ ನನ್ನನ್ನ ಎಬ್ಬಿಸ್ಲಿಲ್ಲ."