ಭಾಗ್ಯಮ್ಮನ ಕಾರು ಕುಡಿಯುತ್ತಿದ್ದ ಪೆಟ್ರೋಲು

೨೦೨೧ರ ಕೊನೆಯ ಭಾಗ. ಸರ್ಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಸೇರಿ, ಉಳಿದ ಮೆಕ್ಯಾನಿಕ್ಕುಗಳ ಉಸ್ತುವಾರಿ ನೋಡುವ ಚಾರ್ಜ್‌ಮನ್ ಆಗಿ ನಿವೃತ್ತನಾಗಿದ್ದ ನಾನು ಮದ್ದೂರಿನ ಮಳವಳ್ಳಿ ರಸ್ತೆಯಲ್ಲಿ ಒಂದು ತಗಡಿನ ಶೆಡ್ ಹಾಕಿಕೊಂಡು ಹಳೆಯ ಕಾರುಗಳ ರಿಪೇರಿ ಮಾಡುತ್ತಿದ್ದೆ. ಹಳೆಯ ಕಾರು ಎಂದರೆ ಕಾರ್ಬ್ಯುರೇಟರ್ ಇರುವ ಕಾರು. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ ಅದು. ಈಗಿನ ಕಾರುಗಳಲ್ಲಿ ಆ ಕೆಲಸವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕಂಪ್ಯೂಟರಿಗೂ ನನಗೂ ಎಣ್ಣೆ ಸೀಗೆಕಾಯಿ. ಬಾನೆಟ್ ಎತ್ತಿದ ಮೇಲೆ ತಿರುಗಿಸಲು ಒಂದು ಸ್ಕ್ರೂವಾದರೂ ಕಣ್ಣಿಗೆ ಕಾಣದಿದ್ದರೆ ನನಗೆ ಕೈ ಕಟ್ಟಿಹಾಕಿದಂತಾಗುತ್ತದೆ. ಕಾರ್ಬ್ಯುರೇಟರ್ ಕಾರುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ, ನನ್ನ ಶೆಡ್ಡಿಗೆ ಬರುವವರೂ ಕಡಿಮೆಯಾಗುತ್ತಿದ್ದಾರೆ.

ಡಿಪೋದಲ್ಲಿದ್ದವರಿಗೆಲ್ಲ ಒಂದು ರೋಗವಿರುತ್ತದೆ. ಅದರ ಹೆಸರು ಕೆಎಂಪಿಎಲ್. ಒಂದು ಲೀಟರ್ ಡೀಸೆಲ್ಲಿಗೆ ಬಸ್ಸು ಎಷ್ಟು ಕಿಲೋಮೀಟರ್ ಓಡಿತು ಎಂಬ ಲೆಕ್ಕ. ಬಸ್ ಸ್ಟ್ಯಾಂಡಿನಲ್ಲಿ ಡ್ರೈವರ್ ಇಂಜಿನ್ ಆಫ್ ಮಾಡದೆ ಟೀ ಕುಡಿಯಲು ಹೋದರೆ ನನಗೆ ರಕ್ತ ಕುದಿಯುತ್ತಿತ್ತು. ಚಕ್ರ ತಿರುಗುತ್ತಿಲ್ಲ, ಡೀಸೆಲ್ ಮಾತ್ರ ಉರಿಯುತ್ತಿದೆ. ಅದಕ್ಕಿಂತ ದೊಡ್ಡ ದಂಡ ಇನ್ನೊಂದಿಲ್ಲ ಎಂದು ಡ್ರೈವರುಗಳ ತಲೆ ತಿಂದವನು ನಾನು. ಹಾಗಾಗಿಯೇ ಹಳೆ ಕಾರಿಗೆ ಮೈಲೇಜ್ ಬರಬೇಕಾದರೆ ನನ್ನ ಹತ್ತಿರ ಹೋಗಬೇಕು ಎಂಬ ಮಾತು ಸುತ್ತಮುತ್ತ ಹಬ್ಬಿತ್ತು.

ಆ ಮಾತು ಕೇಳಿಕೊಂಡೇ ಭಾಗ್ಯಮ್ಮ ಬಂದದ್ದು. ಆರೋಗ್ಯ ಇಲಾಖೆಯಲ್ಲಿ ನರ್ಸಮ್ಮ. ಐವತ್ತು ದಾಟಿದ ಹೆಂಗಸು. ಮನೆ ಮಳವಳ್ಳಿಯಲ್ಲಿ, ಕೆಲಸ ಕೊಕ್ಕರೆ ಬೆಳ್ಳೂರಿನ ಕಡೆಯ ಹಳ್ಳಿಗಳಲ್ಲಿ. ದಿನಾ ನನ್ನ ಶೆಡ್ಡಿನ ಮುಂದೆಯೇ ಓಡಾಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಲಸಿಕೆಯ ಡಬ್ಬ, ತೂಕದ ತಕ್ಕಡಿ, ಒಂದು ಛತ್ರಿ. ಕಾರು ತೊಂಬತ್ತರ ದಶಕದ ಎಂಟ್ನೂರು ಸಿಸಿಯ ಬಿಳಿ ಕಾರು. ಆಗಿನ ಕಾಲದಲ್ಲಿ ಮೇಷ್ಟ್ರುಗಳು, ಗುಮಾಸ್ತರು ಸಾಲ ಮಾಡಿ ಕೊಳ್ಳುತ್ತಿದ್ದರಲ್ಲ, ಅಂಥದ್ದು. ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಡಬೇಕಾದ ಗಾಡಿ ಹನ್ನೊಂದು ಕೊಡುತ್ತಿತ್ತು.

ಕಾರು ಅವರ ಗಂಡ ಸಿದ್ದರಾಜು ಅವರದು. ಮಂಡ್ಯದ ಹತ್ತಿರ ಕೃಷಿ ಸಂಶೋಧನೆ ನಡೆಸುವ ವಿ.ಸಿ. ಫಾರಂನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮನುಷ್ಯ. ಹಿಂದಿನ ವರ್ಷ ತೀರಿಕೊಂಡಿದ್ದರು. ಅವರು ಇರುವವರೆಗೂ ಕಾರಿನ ಬಾನೆಟ್ಟನ್ನು ಬೇರೆ ಯಾರ ಕೈಗೂ ಕೊಟ್ಟವರಲ್ಲವಂತೆ. ಭಾಗ್ಯಮ್ಮನಿಗೆ ಡ್ರೈವಿಂಗ್ ಕಲಿಸಿದವರೂ ಅವರೇ. ಈಗ ಹೊಳಲಿನಲ್ಲಿದ್ದ ಭಾಗ್ಯಮ್ಮನ ಅಣ್ಣ ಶಿವಲಿಂಗಯ್ಯ, ಪೆಟ್ರೋಲು ಕುಡಿಯುವ ಈ ಡಬ್ಬ ಯಾಕೆ, ಗುಜರಿಗೆ ಹಾಕು, ಬಸ್ಸಿಲ್ಲವೇ ಎಂದು ಹಟ ಹಿಡಿದಿದ್ದ. ಮಂಡ್ಯದ ಗುಜರಿಯವನಿಗೆ ಮಾತೂ ಕೊಟ್ಟುಬಿಟ್ಟಿದ್ದ. ಬರುವ ಸೋಮವಾರ ಗುಜರಿಯವನು ಕಾರು ಎಳೆದುಕೊಂಡು ಹೋಗುವವನಿದ್ದ.

ಭಾಗ್ಯಮ್ಮ ಅಳುವ ಪೈಕಿಯಲ್ಲ. ಕಾರಿನ ಬಾಗಿಲಿಗೆ ಒರಗಿ ನಿಂತು ನೇರವಾಗಿ ಹೇಳಿದರು: "ಅಣ್ಣ, ಹದ್ನೆಂಟು ಬತ್ತದೆ ಅಂದ್ರೆ ಮಡೀಕತೀನಿ. ಬರಕಿಲ್ಲ ಅಂದ್ರೆ ಈಗ್ಲೇ ಏಳ್ಬುಡು. ಸುಮ್ಕೆ ಆಸೆ ತೋರಿಸ್ಬ್ಯಾಡ."

ನೋಡದೆ ಹೇಳುವುದಕ್ಕಾಗುವುದಿಲ್ಲ ಎಂದೆ. ಮೊದಲು ಬಾಟಲ್ ಟೆಸ್ಟ್ ಮಾಡೋಣ ಎಂದೆ. ನಮ್ಮ ಕಸುಬಿನಲ್ಲಿ ಇದು ಹಳೆಯ ವಿಧಾನ. ಟ್ಯಾಂಕಿನ ಪೈಪು ಕಳಚಿ, ಒಂದು ಲೀಟರ್ ಪೆಟ್ರೋಲ್ ತುಂಬಿದ ಬಾಟಲಿಗೆ ಜೋಡಿಸಿ, ಅದು ಮುಗಿದು ಇಂಜಿನ್ ನಿಲ್ಲುವವರೆಗೆ ಗಾಡಿ ಓಡಿಸುವುದು. ನಿಂತ ಜಾಗದಲ್ಲಿ ಮೀಟರ್ ನೋಡಿದರೆ ಲೆಕ್ಕ ಸಿಕ್ಕಿತು. ಓಡಿಸುವುದು ಮಾಲೀಕರೇ ಆಗಬೇಕು, ಏಕೆಂದರೆ ಅರ್ಧ ಮೈಲೇಜು ಕಾರಿನಲ್ಲಿದ್ದರೆ ಇನ್ನರ್ಧ ಓಡಿಸುವವರ ಕಾಲಿನಲ್ಲಿರುತ್ತದೆ. ಭಾಗ್ಯಮ್ಮ ಸ್ಟೀರಿಂಗ್ ಹಿಡಿದರು, ನಾನು ಪಕ್ಕದಲ್ಲಿ ಕುಳಿತೆ.

ಮಳವಳ್ಳಿ ಕಡೆಗೆ ಹೊರಟೆವು. ಕಬ್ಬು ಅರೆಯುವ ಕಾಲ, ಕೆ.ಎಂ. ದೊಡ್ಡಿ ಸಮೀಪಿಸುತ್ತಿದ್ದಂತೆ ಕಬ್ಬಿನ ಟ್ರ್ಯಾಕ್ಟರು, ಎತ್ತಿನ ಗಾಡಿಗಳ ಸಾಲು. ಹತ್ತು ಮಾರು ಹೋಗುವುದು, ನಿಲ್ಲುವುದು. ಅಲ್ಲಿ ನಾನು ಗಮನಿಸಿದೆ. ಸಾಲು ಕದಲಿದಾಗ ಭಾಗ್ಯಮ್ಮ ಆಕ್ಸಿಲರೇಟರ್ ಮುಟ್ಟುತ್ತಿರಲಿಲ್ಲ. ಕ್ಲಚ್ ಮೇಲಿನ ಕಾಲು ತೆಗೆದರೆ ಸಾಕು, ಕಾರು ತಾನೇ ಮುಂದಕ್ಕೆ ಹೊರಡುತ್ತಿತ್ತು. ನಿಲ್ಲಿಸಬೇಕಾದರೆ ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯುತ್ತಿದ್ದರು. ನಾನು ಅವರ ಕಾಲನ್ನೇ ನೋಡುತ್ತಿರುವುದನ್ನು ಕಂಡು ಹೊಗಳುತ್ತೇನೆ ಎಂದುಕೊಂಡರೋ ಏನೋ, ಹೆಮ್ಮೆಯಿಂದ ಹೇಳಿದರು: "ಕಲ್ತಾಗಿಂದ ಇವತ್ತಿನಗಂಟ ನನ್ ಕೈಲಿ ಗಾಡಿ ಒಂದ್ ಕಿತಾನೂ ಆಫಾಗಿಲ್ಲ ಕಣಣ್ಣ. ನಮ್ಮೆಜಮಾನ್ರು ಬಂದೋರ್ಗೆಲ್ಲ ಏಳ್ಕಂಡು ತಿರುಗೋರು."

ದೊಡ್ಡಿ ದಾಟುವ ಮೊದಲೇ ಬಾಟಲಿ ಖಾಲಿಯಾಯಿತು. ಪೆಟ್ರೋಲು ಮುಗಿದು ನಿಂತದ್ದು ಆಫ್ ಆದ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಅವರೇ ನಗುತ್ತಾ ತೀರ್ಪು ಕೊಟ್ಟರು. ಕಾರನ್ನು ಭಾನುವಾರದವರೆಗೆ ನನ್ನ ಬಳಿ ಬಿಟ್ಟು ಬಸ್ಸು ಹತ್ತಿದರು.

ಕೆಲಸ ಶುರು ಮಾಡಿದೆ. ಮೈಲೇಜ್ ಹೆಚ್ಚಿಸುವ ಮಂತ್ರ ಯಾವುದೂ ಇಲ್ಲ. ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟು, ಟ್ಯಾಂಕಿಗೆ ಮಾತ್ರೆ ಹಾಕು ಎನ್ನುವವರೆಲ್ಲ ಕಿವಿಯ ಮೇಲೆ ಹೂವಿಡುವವರು. ಮಾಡಬೇಕಾದದ್ದು ಇಷ್ಟೆ: ಗಾಡಿಯ ಓಟವನ್ನು ಯಾವುದು ಹಿಡಿದೆಳೆಯುತ್ತಿದೆಯೋ ಅದನ್ನು ಬಿಡಿಸಬೇಕು. ಮಾವಿನಹಣ್ಣಿನ ಕಾಲದಲ್ಲಿ ಮಾತ್ರ ಬಳಸುತ್ತಿದ್ದ ಟಾಪ್ ಕ್ಯಾರಿಯರನ್ನು ಬಿಚ್ಚಿದೆ. ಅದು ಗಾಳಿಯನ್ನು ತಡೆಯುತ್ತದೆ. ಟೈರಿಗೆ ಸರಿಯಾದ ಗಾಳಿ ಹಾಕಿಸಿ, ಚಕ್ರಗಳ ಅಲೈನ್‌ಮೆಂಟ್ ನೇರ ಮಾಡಿಸಿದೆ. ಏರ್ ಫಿಲ್ಟರ್, ಪ್ಲಗ್ಗು ಬದಲಾಯಿಸಿದೆ. ಬ್ರೇಕ್ ಬಿಚ್ಚಿ ನೋಡಿದರೆ ಲೈನರ್ ಸುಟ್ಟು ಕರಕಲಾಗಿ ಡ್ರಮ್ಮಿಗೆ ಉಜ್ಜುತ್ತಿತ್ತು. ಅಷ್ಟೊಂದು ಬ್ರೇಕ್ ಯಾಕೆ ಬಳಕೆಯಾಗುತ್ತಿದೆ ಎಂದು ಹುಡುಕುತ್ತಾ ಕಾರ್ಬ್ಯುರೇಟರ್ ಹತ್ತಿರ ಬಂದೆ.

ಕಾರ್ಬ್ಯುರೇಟರಿನಲ್ಲಿ ಐಡ್ಲಿಂಗ್ ಸ್ಕ್ರೂ ಎಂದು ಒಂದಿರುತ್ತದೆ. ಆಕ್ಸಿಲರೇಟರ್ ಒತ್ತದೆ ಬಿಟ್ಟಾಗ ಇಂಜಿನ್ ನಿಂತುಹೋಗದಂತೆ ಎಷ್ಟು ವೇಗದಲ್ಲಿ ತಿರುಗುತ್ತಿರಬೇಕು ಎಂಬುದನ್ನು ತೀರ್ಮಾನಿಸುವ ಸ್ಕ್ರೂ ಅದು. ಈ ಕಾರಿನಲ್ಲಿ ಅದನ್ನು ಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಮೇಲಕ್ಕೇರಿಸಿ, ಯಾರೂ ತಿರುಗಿಸದ ಹಾಗೆ ಕೆಂಪು ನೇಲ್ ಪಾಲಿಷ್ ಹಚ್ಚಿ ಸೀಲ್ ಮಾಡಲಾಗಿತ್ತು. ಸ್ಕ್ರೂ ಅಲುಗದಿರಲು ನೇಲ್ ಪಾಲಿಷ್ ಹಚ್ಚುವುದು ಕೈ ಪಳಗಿದವರ ಕ್ರಮ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಇಂಜಿನ್ನಿನ ಉಳಿದ ಎಲ್ಲ ಕೆಲಸವನ್ನೂ ಇಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದ ಸಿದ್ದರಾಜು ಇದೊಂದನ್ನು ಹೀಗೆ ಯಾಕೆ ಬಿಟ್ಟರು ಎಂದು ನನಗೆ ಹೊಳೆಯಲಿಲ್ಲ. ಪಾಲಿಷ್ ಕೆರೆದೆ. ಸ್ಕ್ರೂವನ್ನು ಎಲ್ಲಿರಬೇಕೋ ಅಲ್ಲಿಗೆ ಇಳಿಸಿದೆ. ಇಂಜಿನ್ನಿನ ದನಿ ತಗ್ಗಿ ಮೆತ್ತಗಾಯಿತು. ನಾನೇ ಬಾಟಲಿ ಕಟ್ಟಿಕೊಂಡು ಅದೇ ರಸ್ತೆಯಲ್ಲಿ ಓಡಿಸಿದೆ. ಹತ್ತೊಂಬತ್ತು ದಾಟಿತು. ಡಿಪೋದ ದಿನಗಳ ಖುಷಿ ಮೈಯಲ್ಲಿ ಮತ್ತೆ ಓಡಾಡಿತು. ಎಷ್ಟೋ ದಿನಗಳಿಂದ ಹಂಬಲಿಸಿದ್ದ ಖುಷಿ ಅದು.

ಭಾನುವಾರ ಮಧ್ಯಾಹ್ನ ಭಾಗ್ಯಮ್ಮ ಕಾರು ತೆಗೆದುಕೊಂಡು ಹೋದರು. ಒಂದು ತಾಸಿನೊಳಗೆ ವಾಪಸು ಬಂದರು. ಕಾರಿನಿಂದ ಇಳಿದು ನನ್ನ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಮುಖ ಬಾಡಿತ್ತು. ಮಳವಳ್ಳಿ ಕಡೆ ಹೊರಟವರು ಕಬ್ಬಿನ ಗಾಡಿಗಳ ಸಾಲಿಗೆ ಸಿಕ್ಕಿಕೊಂಡಿದ್ದರು. ಕ್ಲಚ್ ಬಿಟ್ಟ ಕೂಡಲೇ ಇಂಜಿನ್ ಆಫ್. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಹಿಂದಿನವರೆಲ್ಲ ಹಾರನ್ ಹೊಡೆದರಂತೆ, ಒಬ್ಬ ಇಳಿದು ಬಂದು ಬೈದನಂತೆ.

ಆಗ ನನಗೆ ಹೊಳೆಯಿತು. ಹೊಸದಾಗಿ ಕಲಿಯುವವರು ಕ್ಲಚ್ ಬಿಡುವಾಗ ತಪ್ಪುತ್ತಾರೆ, ಗಾಡಿ ಜರ್ಕ್ ಹೊಡೆದು ನಿಲ್ಲುತ್ತದೆ, ನಾಲ್ಕು ಜನ ನಗುತ್ತಾರೆ, ಧೈರ್ಯ ಕುಸಿಯುತ್ತದೆ. ಆ ನಗು ಹೆಂಡತಿಯ ಪಾಲಿಗೆ ಬರಬಾರದೆಂದು ಸಿದ್ದರಾಜು ಐಡ್ಲಿಂಗ್ ಏರಿಸಿಟ್ಟಿದ್ದರು. ಐಡ್ಲಿಂಗ್ ಅಷ್ಟು ಮೇಲಿದ್ದರೆ ಕ್ಲಚ್ ಹೇಗೆ ಬಿಟ್ಟರೂ ಗಾಡಿ ನಿಲ್ಲುವುದಿಲ್ಲ. ಹೆಂಡತಿ ಕಲಿತಾದ ಮೇಲೂ ಇಳಿಸಲಿಲ್ಲ. ಇಳಿಸಿದರೆ ಗುಟ್ಟು ಹೊರಬೀಳುತ್ತಿತ್ತು. ಕೈಯಲ್ಲಿದ್ದ ಸ್ಪ್ಯಾನರ್ ಒರೆಸಿಟ್ಟೆ. ಆಮೇಲೆ ಬಾನೆಟ್ ಎತ್ತಿ, ಸ್ಕ್ರೂ ತೋರಿಸಿ, ಇದ್ದದ್ದನ್ನು ಇದ್ದಂತೆ ಹೇಳಿದೆ.

ಅವರು ಬಗ್ಗಿ ಆ ಸ್ಕ್ರೂವಿನ ತಲೆಯ ಮೇಲೆ ಉಳಿದಿದ್ದ ಕೆಂಪು ಚುಕ್ಕೆಯನ್ನು ಬೆರಳಿನಿಂದ ಮುಟ್ಟಿದರು. "ನನ್ನ ನೇಲ್ ಪಾಲೀಸು," ಎಂದರು. ಬಾನೆಟ್ಟಿನಿಂದ ತಲೆ ಎತ್ತಿ, "ಇಷ್ಟ್ ವರ್ಸ ನಾನೇ ಓಡಿಸ್ತಿವ್ನಿ ಅನ್ಕಂಡಿದ್ದೆ. ನನಗ್ಯಾಕೆ ಒಂದ್ ಮಾತು ಏಳ್ನಿಲ್ಲ ಅವ್ರು?" ಎಂದು ಕೇಳಿದರು.

"ಏಳಿದ್ರೆ ಸ್ಕ್ರೂ ಇಳಿಸಿ ಅಂತ ನೀನೇ ಅಂತಿದ್ದೆ ಕಣಮ್ಮ. ಅದುಕ್ಕೆ ಏಳಿಲ್ಲ," ಎಂದೆ.

ಆಗ ಅತ್ತರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಹೊರಗೆ ಹೋಗಿ ರಸ್ತೆ ನೋಡುತ್ತಾ ನಿಂತೆ. ನಾನು ಸಿದ್ದರಾಜು ಅವರನ್ನು ಕಂಡವನಲ್ಲ. ಅವರು ಬಿಗಿ ಮಾಡಿದ ನಟ್ಟುಗಳನ್ನಷ್ಟೇ ಬಿಚ್ಚಿದವನು. ಆ ಮನುಷ್ಯನ ಜೊತೆ ಒಂದು ಲೋಟ ಟೀ ಕುಡಿಯುವಂತಿದ್ದರೆ ಎಂದು ಆಗ ಅನ್ನಿಸಿದ ಆಸೆ ಇವತ್ತಿಗೂ ಹೋಗಿಲ್ಲ.

ಒಳಗೆ ಬಂದಾಗ ಅವರು ಮುಖ ತೊಳೆದುಕೊಂಡಿದ್ದರು. ಈಗ ದಾರಿ ಎರಡೇ ಇದ್ದವು. ಸ್ಕ್ರೂ ಮತ್ತೆ ಏರಿಸಿದರೆ ಓಡಿಸುವುದು ಮೊದಲಿನಂತೆ ಸಲೀಸು, ಆದರೆ ಮೈಲೇಜ್ ಮತ್ತೆ ಬೀಳುತ್ತದೆ, ನಾಳೆ ಗುಜರಿಯವನು ಬರುತ್ತಾನೆ. ಇಳಿಸಿದ ಹಾಗೆಯೇ ಬಿಟ್ಟರೆ ಕಾರು ಉಳಿಯುತ್ತದೆ, ಅವರು ಡ್ರೈವಿಂಗನ್ನು ಹೊಸದಾಗಿ ಕಲಿಯಬೇಕು. ಏನು ಮಾಡಲಿ ಎಂದು ಕೇಳಿದೆ. ಅವರು ಕೀ ತೆಗೆದುಕೊಂಡು, "ಬಾರಣ್ಣ, ಪಕ್ಕದಲ್ಲಿ ಕೂತ್ಕ. ಕತ್ಲಾಗೋದ್ರೊಳ್ಗೆ ಕಲ್ಸು," ಎಂದರು.

ಶಿಂಷಾ ನದಿಯ ಕಡೆಯ ಒಂದು ಖಾಲಿ ಏರುರಸ್ತೆಯಲ್ಲಿ ಆ ಸಂಜೆಯೆಲ್ಲ ಕಲಿಸಿದೆ. ಆಫ್ ಆದಾಗಲೆಲ್ಲ ಅವರು ಮೊದಮೊದಲು ಗಂಡನನ್ನು ಬೈದುಕೊಂಡರು, ಆಮೇಲೆ ನನ್ನನ್ನು ಬೈದರು, ಕೊನೆಗೆ ನಕ್ಕರು. ಸೋಮವಾರ ಶಿವಲಿಂಗಯ್ಯ ನನ್ನ ಶೆಡ್ಡಿಗೆ ಬಂದಾಗ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬಾಟಲಿ ಕಟ್ಟಿಸಿದರು. ದಾರಿಯಲ್ಲಿ ಎರಡು ಸಲ ಆಫ್ ಮಾಡಿಕೊಂಡೂ ಹದಿನೆಂಟರ ಗೆರೆ ಮುಟ್ಟಿಸಿದರು. ಅವನು ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಎಂದ. ಕಾರು ಉಳಿಯಿತು.

ಇಲ್ಲಿಗೆ ಕೇಸು ಮುಗಿಯಿತು ಎಂದುಕೊಂಡಿದ್ದೆ. ಮುಂದಿನ ವರ್ಷ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಭಾಗ್ಯಮ್ಮ ಶೆಡ್ಡಿಗೆ ಬಂದರು. ಈ ಅಮಾವಾಸ್ಯೆ ಎಂದರೆ ನಮ್ಮ ಕಡೆ ತೀರಿಕೊಂಡವರಿಗೆ ಇಷ್ಟವಾದ ಅಡುಗೆ ಮಾಡಿ, ಹೊಸ ಬಟ್ಟೆ ಇಟ್ಟು, ಎಡೆ ಹಾಕುವ ದಿನ. ಕಾರಿನಲ್ಲಿ ಒಂದು ಬಿಳಿ ಪಂಚೆ, ಬಾಳೆ ಎಲೆ, ತರಕಾರಿ ಇತ್ತು. ಏನಾಗಿದೆ ಗಾಡಿಗೆ ಎಂದೆ. ಏನೂ ಆಗಿಲ್ಲ ಎಂದರು. ಬಾನೆಟ್ ಕಡೆ ಕೈ ತೋರಿಸಿ, "ಒಂದಿನದ ಮಟ್ಟಿಗೆ ಆ ಸ್ಕ್ರೂವ ಅವ್ರು ಮಡಗಿದ್ದಂಗೇ ಮಡಗ್ಕೊಡಣ್ಣ. ನಾಡಿದ್ದು ಬಂದು ಇಳಿಸ್ಕಂಡು ಓಯ್ತೀನಿ," ಎಂದರು.

ಏರಿಸಿಕೊಟ್ಟೆ. ಇಂಜಿನ್ ಹಳೆಯ ದನಿಯಲ್ಲಿ ಗುಂಯ್‌ಗುಟ್ಟಿತು. ಅವರು ಕುಳಿತು, ಗೇರ್ ಹಾಕಿ, ಕ್ಲಚ್ ಬಿಟ್ಟು, ಎರಡೂ ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡರು. ಕಾರು ತಾನಾಗಿಯೇ ಮೆಲ್ಲಗೆ ಮಳವಳ್ಳಿ ರಸ್ತೆಗೆ ಇಳಿಯಿತು.

ಒಂದು ಜೀವಮಾನ ಪೂರ್ತಿ ದಂಡ ಖರ್ಚನ್ನು ಹುಡುಕಿ ತೆಗೆಯುವುದೇ ನನ್ನ ಕಸುಬಾಗಿತ್ತು. ಅದನ್ನು ತೆಗೆಯುವ ಮೊದಲು, ಇದನ್ನು ಯಾರು ಯಾರಿಗಾಗಿ ಸುಡುತ್ತಿದ್ದರು ಎಂದು ಒಂದು ಮಾತು ಕೇಳಬೇಕೆಂಬುದನ್ನು ಕಲಿಯಲು ನನಗೆ ನಿವೃತ್ತಿಯ ನಂತರದ ಈ ಒಂದು ಕಾರು ಬೇಕಾಯಿತು. ಭಾಗ್ಯಮ್ಮ ಈಗಲೂ ವರ್ಷಕ್ಕೊಮ್ಮೆ ಅಮಾವಾಸ್ಯೆಯ ಹಿಂದಿನ ದಿನ ಬರುತ್ತಾರೆ. ಬೇರೆ ದಿನಗಳಲ್ಲಿ ಸಿಕ್ಕಾಗಲೆಲ್ಲ ಎಷ್ಟು ಕೊಡುತ್ತಿದೆ ಎಂದು ನಾನು ಕೇಳುತ್ತೇನೆ, ಅವರು ಹೇಳುತ್ತಾರೆ. ಆ ಒಂದು ದಿನದ ಮೈಲೇಜನ್ನು ಮಾತ್ರ ನಾನು ಕೇಳುವುದಿಲ್ಲ.